ಒಮ್ಮೆ ಅಗೆದ ಮಣ್ಣು

(ಇತಿಹಾಸದಲ್ಲಿ ಆಸಕ್ತಿ ಇರುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಪರದೆ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಹಗೇವು ನೋಡಿದವರು ಎಷ್ಟು ಜನ? ಹಿರಿಯರೆಲ್ಲ ಕೈ ಎತ್ತಿದ್ದೀರಿ. ಚಿಕ್ಕವರಿಗಾಗಿ ಹೇಳುತ್ತೇನೆ. ರಾಗಿ, ಜೋಳ ಕೆಡದ ಹಾಗೆ ಇಡಲು ನೆಲದಲ್ಲಿ ತೋಡುತ್ತಿದ್ದ ಗುಂಡಿ ಅದು. ಬಾಯಿ ಕಿರಿದು, ಒಡಲು ಅಗಲ. ಕಾಳು ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಇರುತ್ತಿತ್ತು. ಈಗ ಅದು ಯಾರಿಗೂ ಬೇಡ. ಬಹಳ ಕಡೆ ಕಸ, ಬೂದಿ, ಮಣ್ಣು ಸುರಿದು ಮುಚ್ಚಿಬಿಟ್ಟಿದ್ದಾರೆ.

ಅಂಥ ಒಂದು ಮುಚ್ಚಿದ ಹಗೇವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮೇಲೆ ನಿಂತವರಿಗೆ ಏನೂ ಕಾಣುವುದಿಲ್ಲ. ಆದರೆ ಕೆಳಗಿನ ಮಣ್ಣು ಬೇರೆ. ಸುತ್ತ ಇರುವುದು ಗಟ್ಟಿ ಗರಸು, ಒಳಗೆ ತುಂಬಿರುವುದು ಮೆತ್ತನೆಯ ಕಪ್ಪು ಮಣ್ಣು. ಅದು ನೀರು ಜಾಸ್ತಿ ಹಿಡಿಯುತ್ತದೆ. ಅದರಲ್ಲಿ ಬೇರು ಸಲೀಸಾಗಿ ಇಳಿಯುತ್ತದೆ. ಬೂದಿ ಇದೆ, ಇದ್ದಿಲು ಇದೆ, ಸಗಣಿ ಇದೆ. ಅದರಲ್ಲಿ ಕರೆಂಟು ಹರಿಯುವ ರೀತಿ ಬೇರೆ, ಅದರ ಕಾಂತಗುಣ ಬೇರೆ, ಮೇಲಿಂದ ಗುದ್ದಿದರೆ ಬರುವ ಸದ್ದೂ ಬೇರೆ.

ಒಮ್ಮೆ ಅಗೆದ ಮಣ್ಣು ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಸಾವಿರ ವರ್ಷ ಕಳೆದರೂ ಆಗುವುದಿಲ್ಲ. ನೆಲದೊಳಗಿನದನ್ನು ಹುಡುಕುವ ವಿಧಾನಗಳೆಲ್ಲ ನಿಂತಿರುವುದು ಇದರ ಮೇಲೆ. ಯಂತ್ರ ಯಾವುದೇ ಇರಲಿ, ಅದು ಹಿಡಿಯುವುದು ಅಕ್ಕಪಕ್ಕದ ಎರಡು ಮಣ್ಣಿನ ನಡುವಿನ ಫರಕನ್ನು. ಫರಕು ಇಲ್ಲದಿದ್ದರೆ ಕೋಟಿ ರೂಪಾಯಿಯ ಯಂತ್ರಕ್ಕೂ ಏನೂ ಸಿಗುವುದಿಲ್ಲ.

ಖರ್ಚಿಲ್ಲದ ವಿಧಾನದಿಂದ ಶುರು ಮಾಡೋಣ. 1890ರ ದಶಕದಲ್ಲಿ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಪಿಟ್-ರಿವರ್ಸ್ ಎಂಬ ನಿವೃತ್ತ ಸೇನಾಧಿಕಾರಿ ಉತ್ಖನನ ಮಾಡಿಸುತ್ತಿದ್ದರು. ಅಲ್ಲಿ ಮೇಲುಮಣ್ಣಿನ ಕೆಳಗೆ ಇರುವುದು ಸೀಮೆಸುಣ್ಣದ ಕಲ್ಲು. ಪಿಕಾಸಿಯನ್ನು ತಿರುಗಿಸಿ, ಅದರ ಅಗಲವಾದ ಕಡೆಯಿಂದ ನೆಲಕ್ಕೆ ಗುದ್ದುತ್ತಾ ಹೋದರು. ಹಳೆಯ ಕಂದಕ ಮುಚ್ಚಿಹೋದ ಜಾಗದಲ್ಲಿ ಸದ್ದು ಬದಲಾಗುತ್ತಿತ್ತು. ಹಾಗೆ ಸದ್ದಿನ ಜಾಡು ಹಿಡಿದು ಒಂದು ಕಂದಕವನ್ನೇ ಗುರುತಿಸಿದರು. ನಮ್ಮ ಕಡೆ ಹಾರೆ ಹಾಕುವವರಿಗೂ ಈ ಕಿವಿ ಇದೆ. ಹಾರೆ ಬಿದ್ದ ಸದ್ದಿನಲ್ಲೇ ಕೆಳಗೆ ಬಂಡೆಯೋ ಮಣ್ಣೋ ಹೇಳುತ್ತಾರೆ, ಅಲ್ವಾ?

ಇನ್ನು ಬೆಳೆ. 1925ರ ಡಿಸೆಂಬರಿನಲ್ಲಿ ಇನ್‌ಸಾಲ್ ಎಂಬ ಪೈಲಟ್ ಇಂಗ್ಲೆಂಡಿನ ಸ್ಟೋನ್‌ಹೆಂಜ್ ಎಂಬ ಪುರಾತನ ಕಲ್ಲಿನ ವೃತ್ತದ ಹತ್ತಿರ ವಿಮಾನ ಹಾರಿಸುತ್ತಿದ್ದರು. ಕೆಳಗೆ ಉತ್ತ ಹೊಲದಲ್ಲಿ ಒಂದು ವೃತ್ತ, ಅದರ ನಡುವೆ ಬಿಳಿ ಗುರುತುಗಳು ಕಂಡವು. ಅಲ್ಲಿಯವರೆಗೆ ಆ ಜಾಗವನ್ನು ಉತ್ತು ಸವೆದುಹೋದ ಸಮಾಧಿ ದಿಬ್ಬ ಅಂದುಕೊಂಡಿದ್ದರು. ಮುಂದಿನ ಬೇಸಿಗೆಯಲ್ಲಿ ಆ ಹೊಲದಲ್ಲಿ ಗೋಧಿ ಬೆಳೆದಿತ್ತು. ಮೇಲಿಂದ ನೋಡಿದರೆ ಪೈರಿನಲ್ಲಿ ಚುಕ್ಕೆ ಚುಕ್ಕೆಯಾಗಿ ಹಲವು ಬಳೆಗಳು, ಒಂದರೊಳಗೆ ಒಂದು. ಪುರಾತತ್ವದ ಕೆಲಸ ಮಾಡುತ್ತಿದ್ದ ಕನ್ನಿಂಗ್‌ಟನ್ ದಂಪತಿ 1926ರಿಂದ 1928ರವರೆಗೆ ಅಲ್ಲಿ ಅಗೆದರು. ಪ್ರತಿ ಚುಕ್ಕೆಯ ಕೆಳಗೂ ಒಂದೊಂದು ಕಂಬದ ಗುಳಿ. ಒಟ್ಟು ಆರು ಸುತ್ತು. ಮರದ ಕಂಬಗಳು ಕೊಳೆತು ನಾಲ್ಕು ಸಾವಿರ ವರ್ಷಕ್ಕೂ ಜಾಸ್ತಿ ಆಗಿತ್ತು. ಆದರೂ ಗುಳಿ ತುಂಬಿದ ಮಣ್ಣಿನಲ್ಲಿ ತೇವ ನಿಂತು, ಅದರ ಮೇಲಿನ ಗೋಧಿ ಮಾತ್ರ ಹುಲುಸಾಗಿ ಎದ್ದಿತ್ತು. ಇವತ್ತು ಆ ಜಾಗಕ್ಕೆ ವುಡ್‌ಹೆಂಜ್ ಅಂತ ಹೆಸರು. ಕಂಬಗಳಿದ್ದ ಕಡೆ ಮೋಟು ಕಾಂಕ್ರೀಟ್ ಕಂಬ ನಿಲ್ಲಿಸಿದ್ದಾರೆ.

ಕೆಳಗೆ ಗೋಡೆ ಇದ್ದರೆ ಇದು ತಿರುಗುಮುರುಗು. ಗೋಡೆಯ ಮೇಲೆ ಮಣ್ಣು ತೆಳು, ಪೈರು ಬೇಗ ಹಳದಿಯಾಗುತ್ತದೆ. ಇದೆಲ್ಲ ಚೆನ್ನಾಗಿ ಕಾಣುವುದು ಬರಗಾಲದಲ್ಲಿ. 2018ರ ಜುಲೈನಲ್ಲಿ ಐರ್ಲೆಂಡಿನಲ್ಲಿ ಮಳೆ ಕೈಕೊಟ್ಟಾಗ, ನ್ಯೂಗ್ರೇಂಜ್ ಎಂಬ ಪುರಾತನ ಸಮಾಧಿಯ ಹತ್ತಿರದ ಹೊಲವೊಂದರಲ್ಲಿ ಇಬ್ಬರು ಹವ್ಯಾಸಿಗಳ ಡ್ರೋನ್‌ಗೆ ಇಡೀ ಒಂದು ದೊಡ್ಡ ವೃತ್ತ ಸಿಕ್ಕಿತು. ಹೊಲದ ಯಜಮಾನನಿಗೆ ಕೆಟ್ಟ ವರ್ಷ, ನಮ್ಮಂಥವರಿಗೆ ಹಬ್ಬ! ನಾಲೆ ನೀರು ಹರಿಯುವ ಗದ್ದೆಯಲ್ಲಿ ಈ ಆಟ ನಡೆಯುವುದಿಲ್ಲ. ಎಲ್ಲರಿಗೂ ನೀರು ಸಾಕಷ್ಟು ಸಿಕ್ಕರೆ ಎಲ್ಲ ಪೈರೂ ಒಂದೇ ಎತ್ತರ.

ಉಪಗ್ರಹ, ಲೇಸರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಪತ್ರಿಕೆಗಳಲ್ಲಿ ಬೇಕಾದಷ್ಟು ಬರುತ್ತದೆ. ಅಮೆರಿಕದ ಕೊರೋನಾ ಎಂಬ ಗೂಢಚಾರಿ ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಚಿತ್ರಗಳು 1995ರಲ್ಲಿ ಬಯಲಿಗೆ ಬಂದವು. ಅಣೆಕಟ್ಟು, ಟ್ರ್ಯಾಕ್ಟರು, ಲೇಔಟು ಬರುವ ಮುಂಚಿನ ನೆಲ ಅದರಲ್ಲಿದೆ. ನಮ್ಮ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಎಂ. ಬಿ. ರಜನಿ ಅವರು ಉಪಗ್ರಹ ಚಿತ್ರ ಹಿಡಿದು ನಳಂದದ ಸುತ್ತಮುತ್ತ ಹುಡುಕಾಟ ಮಾಡಿದ್ದಾರೆ. ಆಕಾಶದಿಂದ ಬಿಟ್ಟ ಲೇಸರ್ ಕಿರಣ ಎಲೆಗಳ ಸಂದಿಯಲ್ಲಿ ನುಸುಳಿ ನೆಲ ಮುಟ್ಟುವುದರಿಂದ ಕಾಡಿಗೆ ಅದು ಹೇಳಿ ಮಾಡಿಸಿದ್ದು. 2012ರಲ್ಲಿ ಕಾಂಬೋಡಿಯಾದ ಕುಲೆನ್ ಬೆಟ್ಟದ ಮೇಲೆ ಮಹೇಂದ್ರಪರ್ವತ ಎಂಬ ಹಳೆಯ ನಗರದ ರಸ್ತೆ, ಕಟ್ಟೆಗಳ ನಕ್ಷೆ ಹಾಗೇ ಸಿಕ್ಕಿತು. ‘ಕಳೆದುಹೋದ ನಗರ’ ಅಂತ ಸುದ್ದಿಯಾಯಿತು. ಅದರ ಹೆಸರು ಶಾಸನದಲ್ಲಿತ್ತು, ಕೆಲವು ಗುಡಿಗಳು ಮೊದಲೇ ಗೊತ್ತಿದ್ದವು. ಈ ಲೇಸರ್ ಕಾಣುವುದು ನೆಲದ ಮೈಯನ್ನು ಮಾತ್ರ ಅನ್ನುವುದು ಮರೆಯಬಾರದು. ಮಣ್ಣಿನೊಳಕ್ಕೆ ಅದು ಇಳಿಯುವುದಿಲ್ಲ.

ಒಳಕ್ಕೆ ಇಳಿಯುವ ವಿಧಾನಗಳಲ್ಲಿ ಒಂದು ನಿಮಗೆಲ್ಲ ಗೊತ್ತೇ ಇದೆ. ಬೋರ್‌ವೆಲ್ ಪಾಯಿಂಟ್ ನೋಡಲು ಭೂವಿಜ್ಞಾನ ಓದಿದವರು ಬರುತ್ತಾರಲ್ಲ, ವೈರು, ಕಬ್ಬಿಣದ ಗೂಟ, ಒಂದು ಪೆಟ್ಟಿಗೆ ಹಿಡಿದುಕೊಂಡು? (ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸುವವರ ಮಾತಲ್ಲ.) ಎರಡು ಗೂಟದ ನಡುವೆ ಕರೆಂಟು ಹರಿಸುತ್ತಾರೆ, ಇನ್ನೆರಡು ಗೂಟದಲ್ಲಿ ವೋಲ್ಟೇಜು ಅಳೆಯುತ್ತಾರೆ. ಒದ್ದೆ ಮಣ್ಣು ಕರೆಂಟನ್ನು ಸುಲಭವಾಗಿ ಬಿಡುತ್ತದೆ, ಕಲ್ಲು ತಡೆಯುತ್ತದೆ. 1946ರಲ್ಲಿ ರಿಚರ್ಡ್ ಅಟ್ಕಿನ್‌ಸನ್ ಎಂಬ ಪುರಾತತ್ವಜ್ಞ ಇಂಗ್ಲೆಂಡಿನ ಡಾರ್ಚೆಸ್ಟರ್-ಆನ್-ಥೇಮ್ಸ್‌ನಲ್ಲಿ ಇದನ್ನೇ ಹಳೆಯ ಕಂದಕ ಹುಡುಕಲು ಬಳಸಿದರು. ಗೂಟಗಳ ನಡುವಿನ ದೂರ ಜಾಸ್ತಿ ಮಾಡಿದಷ್ಟೂ ಆಳದ ಸುದ್ದಿ ಬರುತ್ತದೆ. ನೀರು ನೋಡುವವರಿಗೆ ನೂರಾರು ಅಡಿ ಬೇಕು, ಆದ್ದರಿಂದ ವೈರು ಹೊಲದ ಉದ್ದಕ್ಕೂ ಎಳೆಯುತ್ತಾರೆ. ನಮಗೆ ಬೇಕಾದದ್ದು ಮೇಲಿನ ಸುಮಾರು ಒಂದು ಮೀಟರು ಅಷ್ಟೆ. ಅದಕ್ಕೆ ಅರ್ಧ ಮೀಟರು ಅಂತರದ ಗೂಟ ಸಾಕು. ಆದರೆ ಹೊಲವನ್ನು ಚೌಕ ಚೌಕವಾಗಿ ಗುರುತು ಹಾಕಿಕೊಂಡು ಸಾವಿರಾರು ಕಡೆ ಚುಚ್ಚಬೇಕು. ಏಪ್ರಿಲ್ ಬಿಸಿಲಿನಲ್ಲಿ ಮೇಲುಮಣ್ಣು ಒಣಗಿ ಕರೆಂಟೇ ಇಳಿಯುವುದಿಲ್ಲ. ಆಗ ಗೂಟದ ಬುಡಕ್ಕೆ ಉಪ್ಪುನೀರು ಹಾಕುತ್ತಾರೆ. ಮಳೆ ನಿಂತು ನೆಲ ಆರುತ್ತಾ ಬರುವ ಕಾಲ ಇದಕ್ಕೆ ಒಳ್ಳೆಯದು. ಆಗ ಕಂದಕದಲ್ಲಿ ತೇವ ಉಳಿದಿರುತ್ತದೆ, ಸುತ್ತಲಿನ ನೆಲ ಒಣಗಿರುತ್ತದೆ.

ಇಟಲಿಯ ಎಂಜಿನಿಯರ್ ಲೆರಿಚಿ 1950ರ ದಶಕದಲ್ಲಿ ಇಂಥದೇ ಅಳತೆಯಿಂದ ರೋಮನ್ನರಿಗಿಂತ ಮುಂಚೆ ಅಲ್ಲಿ ಬಾಳಿದ್ದ ಎಟ್ರುಸ್ಕನ್ನರ ನೆಲದಡಿಯ ಸಮಾಧಿಗಳನ್ನು ಗುರುತಿಸಿ, ಸಣ್ಣ ತೂತು ಕೊರೆದು, ಕ್ಯಾಮೆರಾ ಇರುವ ಕೊಳವೆ ಇಳಿಸಿ ಒಳಗೇನಿದೆ ಅಂತ ನೋಡುತ್ತಿದ್ದರು. ಈಗ ನಾವು ಕೆಟ್ಟ ಬೋರ್‌ವೆಲ್ಲಿಗೆ ಕ್ಯಾಮೆರಾ ಬಿಡುತ್ತೇವಲ್ಲ, ಹಾಗೆಯೇ.

ನನಗೆ ಬಹಳ ಇಷ್ಟವಾದ ವಿಧಾನ ಕಾಂತದ್ದು. ನಮ್ಮ ಕೆಂಪು ಮಣ್ಣು ಕೆಂಪಾಗಿರುವುದು ಅದರಲ್ಲಿರುವ ಕಬ್ಬಿಣದ ಅಂಶದಿಂದ. ಆ ಮಣ್ಣನ್ನು 600–700 ಡಿಗ್ರಿ ಕಾಯಿಸಿದರೆ ಅದರೊಳಗಿನ ಕಣಗಳ ಕಾಂತಗುಣ ಅಳಿಸಿಹೋಗುತ್ತದೆ. ಆರುವಾಗ ಅವು ಆ ಹೊತ್ತಿನಲ್ಲಿ ಭೂಮಿಯ ಉತ್ತರ ಎಲ್ಲಿತ್ತೋ ಆ ದಿಕ್ಕಿಗೆ ತಿರುಗಿ ಹಾಗೇ ಉಳಿದುಬಿಡುತ್ತವೆ. ಕುಂಬಾರರ ಆವಿಗೆ, ಕಬ್ಬಿಣ ಕರಗಿಸಿದ ಕುಲುಮೆ, ಅಡುಗೆ ಒಲೆ, ಎಲ್ಲವೂ ನೆಲದೊಳಗೆ ಸಣ್ಣ ಸಣ್ಣ ಅಯಸ್ಕಾಂತಗಳೇ. ಬೆಂಕಿ ಇಲ್ಲದ ಗುಂಡಿಯೂ ಸಿಗುತ್ತದೆ. ಜನ ಬಾಳಿದ ಕಡೆ ಮೇಲುಮಣ್ಣಿಗೆ ಕಾಂತಗುಣ ಸ್ವಲ್ಪ ಜಾಸ್ತಿ, ಗುಂಡಿ ತುಂಬಿರುವುದು ಅದೇ ಮಣ್ಣಿನಿಂದ.

ಅಳೆಯುವುದು ಎಷ್ಟು ಸೂಕ್ಷ್ಮ ಅಂತ ನೋಡಿ. ನಮ್ಮ ರಾಜ್ಯದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40,000 ನ್ಯಾನೋಟೆಸ್ಲಾ (ಕಾಂತದ ಬಲ ಅಳೆಯುವ ಮಾನ). ನಮ್ಮ ಮುಚ್ಚಿದ ಹಗೇವು ಅದರಲ್ಲಿ ಮಾಡುವ ಏರುಪೇರು ಕೆಲವೇ ನ್ಯಾನೋಟೆಸ್ಲಾ. 1958ರಲ್ಲಿ ಇಂಗ್ಲೆಂಡಿನ ವಾಟರ್ ನ್ಯೂಟನ್ ಎಂಬಲ್ಲಿ ಹೆದ್ದಾರಿ ಕೆಲಸ ಬಂತು. ಅದು ರೋಮನ್ ಕಾಲದಲ್ಲಿ ಕುಂಬಾರಿಕೆಗೆ ಹೆಸರಾದ ಜಾಗ. ಬುಲ್ಡೋಜರ್ ಬರುವ ಮುಂಚೆ ಆವಿಗೆಗಳು ಎಲ್ಲಿವೆ ಅಂತ ತಿಳಿಯಬೇಕಿತ್ತು. ಆಕ್ಸ್‌ಫರ್ಡಿನ ಮಾರ್ಟಿನ್ ಏಟ್ಕನ್ ಮತ್ತು ಅವರ ಜೊತೆಯವರು ತಾವೇ ಕಟ್ಟಿದ ಯಂತ್ರ ತಂದರು. ಅದರ ಮುಖ್ಯ ಭಾಗ ಒಂದು ಬಾಟಲಿ ನೀರು, ಅದರ ಸುತ್ತ ತಾಮ್ರದ ತಂತಿ ಸುರುಳಿ! ನೀರಿನೊಳಗಿನ ಪ್ರೋಟಾನ್‌ಗಳು ಸುತ್ತಿನ ಕಾಂತಕ್ಷೇತ್ರಕ್ಕೆ ತಕ್ಕ ವೇಗದಲ್ಲಿ ಓಲಾಡುತ್ತವೆ, ಆ ವೇಗವನ್ನು ಎಣಿಸಿದರೆ ಕ್ಷೇತ್ರದ ಬಲ ಸಿಗುತ್ತದೆ. ಹಾಗೆ ಹುಡುಕಿ ಆವಿಗೆಯನ್ನು ಹಿಡಿದೇ ಬಿಟ್ಟರು.

ಈ ಕೆಲಸ ಮಾಡುವವರ ಮೈಮೇಲೆ ಕಬ್ಬಿಣ ಇರಬಾರದು. ಮೊಬೈಲು, ಕೀಲಿಕೈ, ಬೆಲ್ಟಿನ ಬಕಲು, ಮೊಳೆ ಹೊಡೆದ ಚಪ್ಪಲಿ, ಎಲ್ಲ ಕಳಚಿಟ್ಟು ಹೋಗಬೇಕು. ಪಕ್ಕದಲ್ಲಿ ತಂತಿಬೇಲಿ ಇದ್ದರೆ ತೊಂದರೆ, ಬೋರ್‌ವೆಲ್ ಕೇಸಿಂಗ್ ಪೈಪು ಇದ್ದರೆ ಇನ್ನೂ ತೊಂದರೆ. ವಿಜಯಪುರ, ಬೀದರ್ ಕಡೆಯ ಕರಿಕಲ್ಲಿಗೆ ಸ್ವಂತ ಕಾಂತಗುಣವೇ ಜೋರು, ಅದರ ಗದ್ದಲದಲ್ಲಿ ಗುಂಡಿಯ ಸಣ್ಣ ದನಿ ಕೇಳುವುದು ಕಷ್ಟ.

ಇನ್ನೊಂದು ವಿಷಯ ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಇರುವುದಿಲ್ಲ, ಅವು ಬಹುತೇಕ ಯುರೋಪಿನವರು ಬರೆದವು. ಅಲ್ಲಿ ಭೂಮಿಯ ಕಾಂತರೇಖೆಗಳು ನೆಲಕ್ಕೆ ಕಡಿದಾಗಿ ಇಳಿಯುತ್ತವೆ. ಗುಂಡಿ ಇದ್ದರೆ ಅದರ ಮೇಲೆ ಅಳತೆ ಏರುತ್ತದೆ, ಚಿತ್ರದಲ್ಲಿ ಅದು ಗುಂಡಿಯ ಮೇಲೇ ಕೂರುತ್ತದೆ. ಕಾಂತದ ಸಮಭಾಜಕ ಹಾದುಹೋಗುವುದು ನಮ್ಮ ದೇಶದ ದಕ್ಷಿಣದ ತುದಿಯಲ್ಲಿ. ಆದ್ದರಿಂದ ಕರ್ನಾಟಕದಲ್ಲಿ ಈ ರೇಖೆಗಳು ಹೆಚ್ಚುಕಮ್ಮಿ ಮಲಗಿರುತ್ತವೆ. ಇಲ್ಲಿ ಅದೇ ಗುಂಡಿ ಉತ್ತರ–ದಕ್ಷಿಣವಾಗಿ ಒಂದು ಏರು, ಒಂದು ತಗ್ಗಿನ ಜೋಡಿಯಾಗಿ ಕಾಣುತ್ತದೆ. ಲಂಡನ್ನಿನ ಕಣ್ಣಿನಿಂದ ಓದಿದರೆ ಒಂದು ಗುಂಡಿ ಎರಡಾಗಬಹುದು, ಅಥವಾ ಪಕ್ಕದಲ್ಲೆಲ್ಲೋ ಅಗೆದು ಬರಿಗೈಯಲ್ಲಿ ವಾಪಸ್ ಬರಬಹುದು.

ಈಗ ರೇಡಾರ್. ರೇಡಿಯೋ ಅಲೆಗಳನ್ನು ಕೆಳಕ್ಕೆ ಬಿಟ್ಟು, ತಿರುಗಿ ಬಂದದ್ದನ್ನು ಹಿಡಿಯುವುದು. ತಿರುಗಿ ಬರಲು ಎಷ್ಟು ಹೊತ್ತಾಯಿತು ಅನ್ನುವುದರಿಂದ ಆಳ ಗೊತ್ತಾಗುತ್ತದೆ. ಬೇರೆ ವಿಧಾನಗಳಲ್ಲಿ ಆಳ ಇಷ್ಟು ಸಲೀಸಾಗಿ ಸಿಗುವುದಿಲ್ಲ. ಇದು ಎಷ್ಟರಮಟ್ಟಿಗೆ ಹೋಗಬಹುದು ಅನ್ನುವುದಕ್ಕೆ ಇಟಲಿಯ ಫಲೇರಿ ನೋವಿ ಎಂಬ ಹಳೆಯ ರೋಮನ್ ಪಟ್ಟಣ ನೋಡಬೇಕು. ರೋಮ್‌ನಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರು. ಕ್ರಿಸ್ತಪೂರ್ವ 241ರಲ್ಲಿ ಕಟ್ಟಿದ ಊರು, ಕ್ರಿಸ್ತಶಕ 700ರ ಹೊತ್ತಿಗೆ ಹಾಳು ಬಿದ್ದಿತ್ತು. ಮೇಲೆ ಮತ್ತೆ ಊರು ಬೆಳೆಯಲಿಲ್ಲ. ಕೋಟೆ ಗೋಡೆಯೊಳಗೆ 30 ಹೆಕ್ಟೇರು, ಅಂದರೆ ಸುಮಾರು 75 ಎಕರೆ, ಬರೀ ಹೊಲ ಮತ್ತು ಹುಲ್ಲು.

ಕೇಂಬ್ರಿಡ್ಜ್ ಮತ್ತು ಗೆಂಟ್ ವಿಶ್ವವಿದ್ಯಾಲಯದವರು ಸಣ್ಣ ನಾಲ್ಕು ಚಕ್ರದ ಬೈಕಿಗೆ ರೇಡಾರ್ ಪೆಟ್ಟಿಗೆಗಳನ್ನು ಕಟ್ಟಿ ಆ ಹೊಲದಲ್ಲೆಲ್ಲ ಎಳೆದರು. ಪ್ರತಿ 12.5 ಸೆಂಟಿಮೀಟರಿಗೆ ಒಂದು ಅಳತೆ. 2020ರಲ್ಲಿ ನಕ್ಷೆ ಪ್ರಕಟವಾಯಿತು. ಗುದ್ದಲಿ ಮುಟ್ಟದೆ ಇಡೀ ಪಟ್ಟಣ ಹೊರಬಂದಿತ್ತು. ದೇವಾಲಯ, ಮಾರುಕಟ್ಟೆ, ಸ್ನಾನಗೃಹ. ನೀರಿನ ಕೊಳವೆಗಳು ಬೀದಿಗುಂಟ ಮಾತ್ರವಲ್ಲದೆ ಕಟ್ಟಡಗಳ ಅಡಿಯಲ್ಲೂ ಹಾದುಹೋಗಿದ್ದವು. ಅಂದರೆ ಮನೆ ಕಟ್ಟುವ ಮುಂಚೆಯೇ ಕೊಳವೆ ಹಾಕಿದ್ದರು. ನಮ್ಮಲ್ಲಿ ರಸ್ತೆಗೆ ಡಾಂಬರು ಹಾಕಿದ ಮರುವಾರ ಪೈಪಿಗೆ ಅಗೆಯುವುದನ್ನು ನೋಡಿದವರಿಗೆ ಇದು ಹೊಟ್ಟೆಕಿಚ್ಚು ತರುವ ವಿಷಯ!

ಅದೇ ಹೊಲವನ್ನು 1990ರ ದಶಕದ ಕೊನೆಯಲ್ಲಿ ಕಾಂತದ ಯಂತ್ರದಿಂದ ಅಳೆದಿದ್ದರು. ಬೀದಿ, ಮನೆಗಳ ಸಾಲು ಆಗಲೇ ಬಂದಿತ್ತು. ಆಳದ ಲೆಕ್ಕ ರೇಡಾರ್‌ನಿಂದ ಬಂತು. ಆದರೆ ಅಳತೆ ಮುಗಿದರೆ ಕೆಲಸ ಮುಗಿಯಲಿಲ್ಲ. ಒಂದೊಂದು ಹೆಕ್ಟೇರಿನ ಚಿತ್ರವನ್ನು ಕೂತು ಬಿಡಿಸಿ ನೋಡಲು ಒಬ್ಬರಿಗೆ 20 ಗಂಟೆಯಷ್ಟು ಬೇಕು ಅಂತ ಅವರೇ ಲೆಕ್ಕ ಕೊಟ್ಟಿದ್ದಾರೆ. ಇದನ್ನೇ ತಂದು ನಮ್ಮ ಒದ್ದೆ ಎರೆ ಮಣ್ಣಿನ ಮೇಲೆ ಎಳೆದರೆ ಅಲೆಗಳು ಜೇಡಿಯಲ್ಲೇ ಇಂಗಿಹೋಗುತ್ತವೆ, ಕೆಲವು ಅಡಿ ದಾಟುವುದೇ ಕಷ್ಟ. ಒಣಗಿದ ಮರಳು ಮಿಶ್ರಿತ ಕೆಂಪು ಮಣ್ಣಾದರೆ ಪರವಾಗಿಲ್ಲ.

ಇಷ್ಟೆಲ್ಲ ಆದ ಮೇಲೆ ನಿಮ್ಮ ಕೈಯಲ್ಲಿ ಇರುವುದು ಕಪ್ಪು ಬಿಳುಪು ಕಲೆಗಳ ಒಂದು ಚಿತ್ರ. ಕಲೆಗೆ ಹೆಸರು ಇರುವುದಿಲ್ಲ. 2020ರಲ್ಲಿ ಸ್ಟೋನ್‌ಹೆಂಜ್ ಹತ್ತಿರದ ಡರಿಂಗ್ಟನ್ ಸುತ್ತ ದೊಡ್ಡ ದೊಡ್ಡ ಗುಂಡಿಗಳ ಬಳೆ ಇದೆ ಅಂತ ಒಂದು ತಂಡ ಹೇಳಿತು. ಒಂದೊಂದೂ 10 ಮೀಟರಿಗಿಂತ ಅಗಲ, 5 ಮೀಟರು ಆಳ. ಬಳೆ 2 ಕಿಲೋಮೀಟರು ಅಗಲ. ಕೆಲವರು ಒಪ್ಪಲಿಲ್ಲ. ಸುಣ್ಣದ ಕಲ್ಲು ನೀರಿಗೆ ಕರಗಿ ತಾನಾಗಿಯೇ ಇಂಥ ಗುಂಡಿ ಬೀಳುತ್ತದೆ, ಇದೇನು ಮಹಾ ಅಂದರು. ಯಂತ್ರದ ಚಿತ್ರ ಈ ಜಗಳ ಬಿಡಿಸಲಾರದು. ಕೊರೆದು ತೆಗೆದ ಮಣ್ಣಿನಲ್ಲಿ ಏನಿದೆ, ಅದು ಯಾವಾಗ ತುಂಬಿತು ಅಂತಲೇ ನೋಡಬೇಕು. ಅವರೂ ಆ ದಾರಿಯನ್ನೇ ಹಿಡಿದರು.

ಅಗೆಯುವಾಗಲೂ ನೋಡುವುದು ಅದೇ ಫರಕನ್ನು, ಈ ಸಲ ಕಣ್ಣಿನಿಂದ. ರಾಯಚೂರಿಗೆ ಹತ್ತಿರ, ಈಗ ತೆಲಂಗಾಣದಲ್ಲಿರುವ ಉಟ್ನೂರು ಎಂಬಲ್ಲಿ 1957ರಲ್ಲಿ ಆಲ್ಚಿನ್ ಎಂಬ ಪುರಾತತ್ವಜ್ಞ ಒಂದು ಬೂದಿ ದಿಬ್ಬವನ್ನು ಅಗೆದರು. ನಮ್ಮ ಬಳ್ಳಾರಿಯ ಕುಡತಿನಿ, ಕುಪ್ಗಲ್ಲು, ಯಾದಗಿರಿ ಜಿಲ್ಲೆಯ ಬೂದಿಹಾಳದಲ್ಲೂ ಇಂಥವಿವೆ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಬೂದಿ ಅನ್ನುತ್ತಾರೆ. ಅಷ್ಟೊಂದು ಬೂದಿ ಏತರದು ಅಂತ ವಿದ್ವಾಂಸರೂ ನೂರು ವರ್ಷ ತಲೆ ಕೆಡಿಸಿಕೊಂಡರು.

ಆಲ್ಚಿನ್ ಅವರಿಗೆ ಬೂದಿಯ ಪದರಗಳ ಕೆಳಗೆ ಸಿಕ್ಕಿದ್ದು ಕಂಬದ ಗುಳಿಗಳ ಸಾಲು. ಕಂಬದ ಗುಳಿ ಅಂದರೆ ಸಿಗುವುದು ಗುಳಿ ಅಲ್ಲ, ಒಂದು ದುಂಡನೆಯ ಕಲೆ. ಕರಣೆಯಿಂದ ನೆಲವನ್ನು ನವುರಾಗಿ ಹೆರೆಯುತ್ತಾ ಹೋದಾಗ ಒಂದು ಕಡೆ ಬಣ್ಣ ಬದಲಾಗುತ್ತದೆ, ಕರಣೆಯ ಅಂಚಿಗೆ ಮಣ್ಣು ಮೆತ್ತಗೆ ಸಿಗುತ್ತದೆ. ತಕ್ಷಣ ಬಗೆಯಬಾರದು. ಕಲೆಯನ್ನು ಅರ್ಧಕ್ಕೆ ಸೀಳಿ ಒಂದು ಪಾಲು ಮಾತ್ರ ತೆಗೆಯಬೇಕು. ಆಗ ಉಳಿದ ಪಾಲಿನ ಗೋಡೆಯಲ್ಲಿ ಗುಳಿಯ ಆಳ, ಕಂಬ ನಿಂತಿದ್ದ ನೇರ, ಬುಡಕ್ಕೆ ತುರುಕಿದ ಕಲ್ಲು ಎಲ್ಲ ಕಾಣುತ್ತದೆ. ಬಿಸಿಲೇರಿ ಮಣ್ಣು ಒಣಗಿದರೆ ಬಣ್ಣ ಮಾಯ. ಬೆಳಗ್ಗೆ ನೀರು ಚಿಮುಕಿಸಿ ನೋಡುವುದು ಅದಕ್ಕೇ.

ಉಟ್ನೂರಿನ ಸಾಲುಗಳು ದೊಡ್ಡ ದೊಡ್ಡಿಯ ಬೇಲಿಗಳು. ಒಳಗೆ ದನದ ಗೊರಸಿನ ಗುರುತುಗಳೂ ಉಳಿದಿದ್ದವು! ನಾಲ್ಕೈದು ಸಾವಿರ ವರ್ಷದ ಹಿಂದಿನ ಕೊಟ್ಟಿಗೆ. ಬೂದಿಯನ್ನು ಜೊಯ್ನರ್ ಎಂಬ ವಿಜ್ಞಾನಿ ಸೂಕ್ಷ್ಮದರ್ಶಕದಲ್ಲಿ ನೋಡಿ ಅದು ಸುಟ್ಟ ಸಗಣಿ ಅಂತ ತೋರಿಸಿದರು. ಹುಲ್ಲಿನಲ್ಲಿರುವ ಗಾಜಿನಂಥ ಸಿಲಿಕಾ ಕಣಗಳು ಬೆಂಕಿಗೂ ಸುಲಭಕ್ಕೆ ಸಾಯುವುದಿಲ್ಲ. ಮುಂದೆ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ದೊಡ್ಡಿಯ ಪಕ್ಕದಲ್ಲೇ ಜನ ವಾಸವಿದ್ದ ಜಾಗವನ್ನು ಬಿಡಿಸಿ ತೋರಿಸಿದರು.

ಸಗಣಿ, ಗಂಜಲ, ಮೂಳೆ ಬಿದ್ದ ನೆಲದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ. ಅದು ಮಣ್ಣಿಗೆ ಅಂಟಿಕೊಂಡರೆ ಸುಲಭವಾಗಿ ತೊಳೆದುಹೋಗುವುದಿಲ್ಲ. ಸ್ವೀಡನ್ನಿನಲ್ಲಿ ಓಲೋಫ್ ಅರ್ಹೆನಿಯಸ್ ಎಂಬ ವಿಜ್ಞಾನಿ ಸಕ್ಕರೆ ಬೀಟ್‌ರೂಟ್ ಬೆಳೆಗಾಗಿ ಮಣ್ಣು ಪರೀಕ್ಷೆ ಮಾಡುತ್ತಿದ್ದಾಗ, ರಂಜಕ ಜಾಸ್ತಿ ಇದ್ದ ಕಡೆ ಹಳೆಯ ಊರುಗಳಿದ್ದವು ಅಂತ ಗಮನಿಸಿದರು. ಕೈ ಬೈರಿಗೆಯಿಂದ ಅಲ್ಲಲ್ಲಿ ಮಣ್ಣು ತೆಗೆದು ಪರೀಕ್ಷೆ ಮಾಡಿದರೆ, ಗೋಡೆಯೂ ಇಲ್ಲದ, ಕಲ್ಲೂ ಇಲ್ಲದ ದೊಡ್ಡಿ ಸಿಗಬಹುದು. ಈಗಿನ ಹೊಲಗಳಲ್ಲಿ ಮಾತ್ರ ಹುಷಾರು. ರಂಜಕ ಇರುವ ಡಿಎಪಿ ಗೊಬ್ಬರ ಸುರಿದ ಮೇಲುಮಣ್ಣು ಎಲ್ಲವನ್ನೂ ಹಳೆಯ ಊರು ಅನ್ನುತ್ತದೆ, ಅದರ ಕೆಳಗಿನ ಪದರದಿಂದ ಮಣ್ಣು ತೆಗೆಯಬೇಕು.

ಇಲ್ಲಿಗೆ ನನ್ನ ಮಾತು ನಿಲ್ಲಿಸಿದೆ. ಆಮೇಲೆ ಬಂದ ಪ್ರಶ್ನೆಗಳು ಇವು.

“ಸಾರ್, ಈ ಯಂತ್ರ ಇದ್ದರೆ ನಿಧಿ ಸಿಗುತ್ತಾ?” ಕೇಳಿದವರು ನಗುತ್ತಲೇ ಕೇಳಿದರು, ಸಭೆಯೂ ನಕ್ಕಿತು. ಆದರೆ ಕಾದು ಕೂತಿದ್ದ ಪ್ರಶ್ನೆ ಇದು. ಬಂಗಾರ ಕಾಂತಕ್ಕೆ ಸಿಗುವುದಿಲ್ಲ. ರೇಡಾರ್ ಚಿತ್ರದಲ್ಲಿ ಕೊಪ್ಪರಿಗೆಯೂ ಒಂದು ಕಮಾನು, ಗುಂಡುಕಲ್ಲೂ ಒಂದು ಕಮಾನು, ಮರದ ಬೇರೂ ಒಂದು ಕಮಾನು. ಅಂಗಡಿಯಲ್ಲಿ ಸಿಗುವ ಲೋಹ ಶೋಧಕ ಸ್ವಲ್ಪ ಆಳದಲ್ಲೇ ಸುಸ್ತಾಗುತ್ತದೆ, ಸೋಡಾ ಮುಚ್ಚಳಕ್ಕೂ ಕಿರುಚುತ್ತದೆ. ಇನ್ನು ಕಾನೂನು. 1878ರ ನಿಧಿ ಕಾಯ್ದೆಯಲ್ಲೇ, 10 ರೂಪಾಯಿಗೆ ಮೇಲ್ಪಟ್ಟದ್ದು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಅಂತ ಇದೆ. ಅಮಾವಾಸ್ಯೆ ರಾತ್ರಿ ಬಸವಣ್ಣನ ವಿಗ್ರಹದ ಕೆಳಗೆ ಅಗೆಯುವವರಿಗೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಆದರೆ ಅಲ್ಲಿನ ಪದರಗಳು ಕಲಸಿಹೋಗುತ್ತವೆ. ಆಮೇಲೆ ಯಾರು ಬಂದರೂ ಅಲ್ಲಿ ಓದಲು ಏನೂ ಉಳಿದಿರುವುದಿಲ್ಲ.

“ಇಷ್ಟೆಲ್ಲ ಒದ್ದಾಟ ಯಾಕೆ, ಇಡೀ ಜಾಗ ಅಗೆದುಬಿಟ್ಟರೆ ಮುಗಿಯಿತಲ್ಲ?” ಒಬ್ಬ ಹುಡುಗಿ ಕೇಳಿದ್ದು. ಅಗೆದ ಪದರವನ್ನು ವಾಪಸ್ ಇಡಲು ಆಗುವುದಿಲ್ಲಮ್ಮ. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಇಟಲಿಯ ಪಾಂಪೆಯಲ್ಲಿ ಇವತ್ತಿಗೂ ಸುಮಾರು ಮೂರನೇ ಒಂದು ಭಾಗ ಅಗೆಯದೇ ಇದೆ, ಬೇಕಂತಲೇ ಬಿಟ್ಟಿರುವುದು ಜಾಸ್ತಿ. 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ವೀಲರ್ ಎಂಬ ಪುರಾತತ್ವಜ್ಞ ಅಗೆದಾಗ ಮಣ್ಣಿನ ಪದರ ನೋಡಿ ಮೂರು ಕಾಲದ ಜನರನ್ನು ಬೇರೆ ಬೇರೆ ಮಾಡಿದರು. ಆದರೆ ಇದ್ದಿಲು, ಮೂಳೆಗಳ ವಯಸ್ಸು ಹೇಳುವ ಕಾರ್ಬನ್ ಪರೀಕ್ಷೆ ಆಗ ಬಂದೇ ಇರಲಿಲ್ಲ. ಆ ಮೂವರಲ್ಲಿ ಹಳಬರಾದ ಕಲ್ಲಿನ ಕೊಡಲಿಯವರಿಗೆ ವೀಲರ್ ಕೊಟ್ಟ ಕಾಲ ಈಗ ಸಾವಿರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಸರಿದಿದೆ.

ಕೊನೆಯ ಪ್ರಶ್ನೆ ಒಬ್ಬ ರೈತರದ್ದು. ಅವರ ಹೊಲದಲ್ಲಿ ಉಳುವಾಗ ಕಪ್ಪು–ಕೆಂಪು ಮಡಕೆ ಚೂರು ಏಳುತ್ತವಂತೆ, ಏನು ಮಾಡಬೇಕು ಅಂತ. ತೊಳೆಯಬೇಡಿ, ಒಳಗೆ ಅಂಟಿದ ಮಣ್ಣಿನಲ್ಲೂ ಸುದ್ದಿ ಇರುತ್ತದೆ ಅಂದೆ. ಎಲ್ಲ ಚೂರನ್ನೂ ಗುಡ್ಡೆ ಹಾಕಿ ಬದುವಿಗೆ ಎಸೆಯಬೇಡಿ, ಎಲ್ಲಿ ಎದ್ದಿತು ಅನ್ನುವುದು ಚೂರಿನಷ್ಟೇ ಮುಖ್ಯ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆಯಿರಿ, ಫೋನಿನಲ್ಲಿ ಲೊಕೇಶನ್ ಆನ್ ಇರಲಿ. ಆಮೇಲೆ ರಾಜ್ಯ ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ತೋರಿಸಿ. ಜೆಸಿಬಿ ತರಿಸಿ ಹೊಲ ಮಟ್ಟ ಮಾಡಿಸುವ ಯೋಚನೆ ಇದ್ದರೆ, ಅದಕ್ಕಿಂತ ಮುಂಚೆ ತೋರಿಸಿ. “ಬರುವ ತಿಂಗಳೇ ಮಾಡಿಸಬೇಕು ಅಂತಿದ್ದೆ” ಅಂದರು.